ಚಿತ್ರಕತೆಗೆ ದನಿ ಬರೆಯುವುದು ಹೇಗೆ?

ನಮ್ಮ ಕಾಲೇಜಿನ ಭಿತ್ತಿಪತ್ರಿಕೆಗೆ ನೀವು ಬರೆಯುವ ಚಿತ್ರಕತೆಗಳನ್ನು ನಾನು ತಪ್ಪದೆ ಓದುತ್ತೇನೆ. ಪಾತ್ರಗಳು ಚೆಂದದ ಕನ್ನಡ ಮಾತಾಡುತ್ತವೆ. ಆದರೆ ತಟ್ಟೆ ಬಿದ್ದರೆ 'ಕ್ರ್ಯಾಶ್', ಬಾಗಿಲು ಬಡಿದರೆ 'ಬ್ಯಾಂಗ್'! ನಿಮ್ಮ ಮನೆಯ ಸ್ಟೀಲ್ ತಟ್ಟೆ ಎಂದಾದರೂ 'ಕ್ರ್ಯಾಶ್' ಎಂದಿದೆಯೇ? ಅದು 'ಠಣ್' ಎನ್ನುತ್ತದೆ. ಪುಟಕ್ಕೆ ಸ್ವಂತ ದನಿಯಿಲ್ಲ. ನಾವು ಇಡುವ ಗುರುತು ಓದುಗರ ಕಿವಿಯಲ್ಲಿ ದನಿ ಎಬ್ಬಿಸಬೇಕು. ಆ ಗುರುತುಗಳನ್ನು ಇಲ್ಲಿ ಪರಿಚಯಿಸುತ್ತೇನೆ.

ಮೊದಲನೆಯದು ಮಾತಿನ ಗುಳ್ಳೆ. ನಯವಾದ ಅಂಚು ಸಾಧಾರಣ ಮಾತಿಗೆ, ಮುಳ್ಳುಮುಳ್ಳಾದ ಅಂಚು ಕೂಗಿಗೆ, ತುಂಡು ಗೆರೆಯ ಅಂಚು ಪಿಸುಮಾತಿಗೆ. ಮೋಡದಂತಹ ಗುಳ್ಳೆಯಿದ್ದರೆ ಅದು ಮನಸ್ಸಿನ ಮಾತು. ಇಂಗ್ಲಿಷಿನವರಂತೆ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ನಮಗಿಲ್ಲ. ಹಾಗಾಗಿ ಕೂಗನ್ನು ತೋರಿಸಲು ಅಕ್ಷರವನ್ನು ದಪ್ಪ ಮಾಡಬೇಕು ಅಥವಾ ಹಿಗ್ಗಿಸಬೇಕು.

ಎರಡನೆಯದು ಗುಳ್ಳೆಯ ಹೊರಗೆ, ಚಿತ್ರದೊಳಗೇ ಬರೆಯುವ ಸದ್ದಿನ ಪದ. ಅಮೆರಿಕದ ಪತ್ರಿಕೆಗಳಲ್ಲಿ 'ಬ್ಯಾಮ್', 'ಪೌ', 'ವ್ಯಾಮ್' ಎಂಬ ಪದಗಳು ರೂಢಿಯಾದದ್ದಕ್ಕೆ ರಾಯ್ ಕ್ರೇನ್ ಎಂಬ ಚಿತ್ರಕಾರನನ್ನು ನೆನೆಯುತ್ತಾರೆ. ಅವನ 'ವಾಶ್ ಟಬ್ಸ್' ಚಿತ್ರಕತೆ 1924ರಲ್ಲಿ ಆರಂಭವಾಯಿತು. ಜಪಾನಿನ ಮಾಂಗಾ ಚಿತ್ರಕತೆಗಳು ಇನ್ನೂ ಮುಂದೆ ಹೋದವು. ಎದೆಬಡಿತಕ್ಕೆ ಅಲ್ಲಿ 'ದೋಕಿದೋಕಿ', ಮಿನುಗುವುದಕ್ಕೆ 'ಕಿರಕಿರ'. ಸದ್ದೇ ಇಲ್ಲದ ಮೌನಕ್ಕೂ 'ಶೀನ್' ಎಂಬ ಪದವಿದೆ! ದನಿ ಎಳೆದರೆ ಅಕ್ಷರದ ಮುಂದೆ ಒಂದು ಗೆರೆ ಹಾಕುತ್ತಾರೆ, ಥಟ್ಟನೆ ನಿಂತರೆ ಕೊನೆಯಲ್ಲಿ 'ತ್ಸು' ಅಕ್ಷರವನ್ನು ಚಿಕ್ಕದಾಗಿ ಬರೆಯುತ್ತಾರೆ.

ಇದನ್ನು ಓದಿ ಬೆರಗಾಗುವ ಮೊದಲು ಹೈಸ್ಕೂಲಿನ ವ್ಯಾಕರಣ ನೆನಪಿಸಿಕೊಳ್ಳಿ. ಅನುಕರಣಾವ್ಯಯ ಎಂದು ಕಲಿತದ್ದು ಇದನ್ನೇ. ದಬದಬ, ಚಟಚಟ, ಸರಸರ ಇವು ಕಿವಿಗೆ ಕೇಳುವಂಥವು. ಥಳಥಳ ಕಣ್ಣಿಗೆ, ಘಮಘಮ ಮೂಗಿಗೆ! ಜಪಾನಿನ 'ಕಿರಕಿರ'ದ ಕೆಲಸವನ್ನು ನಮ್ಮ 'ಥಳಥಳ' ಮಾಡುತ್ತದೆ.

ಈ ಪದಗಳ ರಚನೆಯಲ್ಲೇ ಸದ್ದಿನ ಸ್ವಭಾವ ಅಡಗಿದೆ. ನಾನು ಗಮನಿಸಿದ ಕೆಲವು ಅಂಶಗಳು ಇಲ್ಲಿವೆ:

1. ಲೋಹದಂತೆ ಗುಂಯ್‌ಗುಡುವ ಸದ್ದು ಅನುನಾಸಿಕದಲ್ಲಿ ಮುಗಿಯುತ್ತದೆ: ಠಣ್, ಢಂ.
2. ಮುರಿಯುವ, ಸಿಡಿಯುವ ಸದ್ದು 'ಟ್'ನಲ್ಲಿ ನಿಲ್ಲುತ್ತದೆ: ಚಟ್, ಫಟ್.
3. ಭಾರವಾದದ್ದು ಬಿದ್ದರೆ 'ಬ್' ಅಥವಾ 'ಪ್': ದಬ್, ದೊಪ್. ಪೆಟ್ಟು ಜೋರಾದರೆ 'ದ' ಹೋಗಿ 'ಢ' ಬರುತ್ತದೆ: ಢಬ್.
4. ಒಂದೇ ಸಲವಾದರೆ 'ಪಟ್', ಮತ್ತೆ ಮತ್ತೆ ಆದರೆ 'ಪಟಪಟ'.

ಎಳೆಯುವ ದನಿಗೆ ನಮ್ಮಲ್ಲಿ ಪ್ಲುತ ಸ್ವರವಿದೆ. ಹ್ರಸ್ವಕ್ಕೆ 1 ಮಾತ್ರೆ, ದೀರ್ಘಕ್ಕೆ 2, ದೂರದವರನ್ನು ಕರೆಯುವ ಪ್ಲುತಕ್ಕೆ 3. ಸಂಸ್ಕೃತ ಬರವಣಿಗೆಯಲ್ಲಿ ಪ್ಲುತದ ಮುಂದೆ ಮೂರರ ಅಂಕಿ ಇಡುವುದುಂಟು. ಮದರಸಾದಲ್ಲಿ ತಜ್‌ವೀದ್ ಕಲಿತವರಿಗೂ ಈ ವಿಚಾರ ಹೊಸದಲ್ಲ. ಕುರ್‌ಆನಿನಲ್ಲಿ ಅಕ್ಷರದ ಮೇಲೆ ಅಲೆಯಂತೆ ಕಾಣುವ ಮದ್ದ್ ಗುರುತು ಬಂದರೆ ದನಿ ಎಳೆಯುತ್ತೀರಿ. ಸುಕೂನ್ ಬಂದರೆ ವ್ಯಂಜನಕ್ಕೆ ಸ್ವರ ಸೇರಿಸುವುದಿಲ್ಲ, ನಮ್ಮ 'ಠಣ್' ಪದದ ಕೊನೆಯ ಅಕ್ಷರದ ಹಾಗೆ. ದನಿಯನ್ನು ಕಣ್ಣಿಗೆ ಕಾಣಿಸಬೇಕೆಂಬ ಅಗತ್ಯ ಬಹಳ ಹಳೆಯದು. ಚಿತ್ರಕತೆಯಲ್ಲಿ ಕೂಗನ್ನು ಎಳೆಯಬೇಕಾದರೆ 'ಅಮ್ಮಾ ಆ ಆ' ಎಂದು, ದೂರ ಹೋದಂತೆ ಅಕ್ಷರ ಚಿಕ್ಕದಾಗುವ ಹಾಗೆ ಬರೆಯಿರಿ.

ಈ ಪದಗಳು ನಮ್ಮ ಅಜ್ಜಿಯರ ಮಾತಿನಲ್ಲಿ ಧಾರಾಳವಾಗಿವೆ, ನಮ್ಮ ಬರವಣಿಗೆಯಲ್ಲಿ ಕಡಿಮೆಯಾಗುತ್ತಿವೆ. ಬಳಸದಿದ್ದರೆ ಮುಂದಿನವರಿಗೆ ತಟ್ಟೆಯ ಸದ್ದೂ ಇಂಗ್ಲಿಷಿನಲ್ಲೇ ಕೇಳಿಸೀತು.

ಮುಂದಿನ ಭಿತ್ತಿಪತ್ರಿಕೆಗೆ ಒಂದು ಅಭ್ಯಾಸ ಕೊಡುತ್ತೇನೆ. ತಗಡಿನ ಮೇಲೆ ಮಳೆ, ಬಾವಿಗೆ ಬಿದ್ದ ಕೊಡ, ಕುಕ್ಕರಿನ ಸೀಟಿ, ಪರೀಕ್ಷಾ ಕೊಠಡಿಯ ಮೌನ. ಈ ನಾಲ್ಕಕ್ಕೂ ಚಿತ್ರ ಬರೆದು, ಮೊದಲು ಕಿವಿಗೊಟ್ಟು, ಆಮೇಲೆ ಕನ್ನಡದ ಪದ ಹುಡುಕಿ. ನಾಲ್ಕನೆಯದು ಕಷ್ಟ. ನಿಮ್ಮ ಉತ್ತರ ನೋಡಲು ಕಾದಿರುತ್ತೇನೆ.