ತಲಕಾಡಿನ ಮೊದಲ ಅರಸರು: ಹೊಸದಾಗಿ ಓದುವವರಿಗೆ

ಚರಿತ್ರೆಯನ್ನು ಹೊಸದಾಗಿ ಓದಲು ಕೂತವರು ಮೊದಲು ಕೇಳುವ ಪ್ರಶ್ನೆ, ‘ಮೊದಲ ರಾಜ ಯಾರು?’ ಅದರ ಜೊತೆಗೆ ಇನ್ನೊಂದನ್ನೂ ಕೇಳಿ ಎಂದು ನಾನು ಹೇಳುತ್ತೇನೆ: ಅವನೇ ಮೊದಲಿಗನೆಂದು ನಮಗೆ ಹೇಳಿದವರು ಯಾರು, ಯಾವಾಗ, ಯಾಕೆ?

ಮಧುವನಹಳ್ಳಿಯ ಮಕ್ಕಳು ನೈಲ್ ನದಿಯ ಪಾಠ ಓದುತ್ತಾರೆ. ಓದಲೇಬೇಕು. ಆದರೆ ಕೊಳ್ಳೇಗಾಲ ದಾಟಿ ಕಾವೇರಿಯ ಆಚೆ ದಡಕ್ಕೆ ಹೋದರೆ ಸಿಗುವ ತಲಕಾಡಿನಲ್ಲಿಯೂ ಒಂದು ರಾಜ್ಯ ಹುಟ್ಟಿ ಬೆಳೆದದ್ದನ್ನು ಕಾಣಬಹುದು. ಆಳಿದವರು ಗಂಗರು. ಈಜಿಪ್ಟಿನ ಮೊದಲ ಅರಸರಿಗೂ ಇವರಿಗೂ ನಡುವೆ ಮೂರು ಸಾವಿರದ ನಾನೂರು ವರ್ಷಗಳಿಗೂ ಹೆಚ್ಚಿನ ಅಂತರ. ಒಬ್ಬರಿಂದ ಇನ್ನೊಬ್ಬರು ಕಲಿತದ್ದಿಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಎರಡೂ ಚೆನ್ನಾಗಿ ಅರ್ಥವಾಗುತ್ತವೆ.

ಮೊದಲು ಈಜಿಪ್ಟ್. ಅಲ್ಲಿ ನದಿ ತೆಂಕಣದಿಂದ ಬಡಗಣಕ್ಕೆ ಹರಿಯುತ್ತದೆ. ಹಾಗಾಗಿ ‘ಮೇಲಿನ ಈಜಿಪ್ಟ್’ ನಕ್ಷೆಯಲ್ಲಿ ಕೆಳಗಿದೆ, ‘ಕೆಳಗಿನ ಈಜಿಪ್ಟ್’ ಮೇಲಿದೆ. ಹೊಸಬರು ಇಲ್ಲಿಯೇ ಎಡವುತ್ತಾರೆ, ಗುರುತು ಹಾಕಿಕೊಳ್ಳಿ. ಈ ಎರಡು ನಾಡುಗಳು ಸುಮಾರು ಕ್ರಿ.ಪೂ. 3100ರ ಹೊತ್ತಿಗೆ ಒಬ್ಬ ಅರಸನ ಕೈಗೆ ಬಂದವು. ಮೆನೆಸ್ ಎಂಬವನೇ ಮೊದಲ ರಾಜನೆಂದು ಬರೆದವನು ಮನೆಥೊ ಎಂಬ ಅರ್ಚಕ. ಆದರೆ ಮನೆಥೊ ಬದುಕಿದ್ದು ಕ್ರಿ.ಪೂ. ಮೂರನೇ ಶತಮಾನದಲ್ಲಿ, ಎಂದರೆ ಸುಮಾರು 2800 ವರ್ಷ ಕಳೆದ ಮೇಲೆ. ಆ ಕಾಲದ್ದೇ ಆದ ಸಾಕ್ಷಿ ಬೇಕೆಂದರೆ ನಾರ್ಮರ್ ಎಂಬ ಅರಸನ ಫಲಕವನ್ನು ನೋಡಬೇಕು. ಕಣ್ಣಿನ ಕಾಡಿಗೆಗೆ ಬಣ್ಣ ಅರೆಯುವ ಕಲ್ಲಿನ ರೂಪದಲ್ಲಿ ಕಡೆದ, ಸುಮಾರು 64 ಸೆಂಟಿಮೀಟರ್ ಎತ್ತರದ ಕಲ್ಲು ಅದು. 1897-98ರಲ್ಲಿ ಹಿಯರಕಾನ್‌ಪೊಲಿಸ್ ಎಂಬಲ್ಲಿ ಅಗೆಯುವಾಗ ಸಿಕ್ಕಿತು. ಒಂದು ಮುಖದಲ್ಲಿ ಅರಸ ಮೇಲಿನ ನಾಡಿನ ಬಿಳಿ ಕಿರೀಟ ತೊಟ್ಟು ಶತ್ರುವಿನ ತಲೆಗೆ ಗದೆ ಎತ್ತಿದ್ದಾನೆ. ಇನ್ನೊಂದರಲ್ಲಿ ಕೆಳಗಿನ ನಾಡಿನ ಕೆಂಪು ಕಿರೀಟ ತೊಟ್ಟು ನಡೆಯುತ್ತಿದ್ದಾನೆ. ಫಲಕದ ನೆತ್ತಿಯಲ್ಲಿರುವ ಒಂದು ಮೀಸೆಮೀನು ಮತ್ತು ಒಂದು ಉಳಿ, ಎರಡೂ ಸೇರಿ ಅವನ ಹೆಸರು.

ಇಷ್ಟು ನೋಡಿ ‘ಇವನೇ ಎರಡು ನಾಡನ್ನು ಒಂದು ಮಾಡಿದವನು’ ಎಂದು ತೀರ್ಮಾನಿಸುವುದು ಸುಲಭ. ಆದರೆ ಫಲಕ ಹೊಗಳಿಕೆಗೆಂದೇ ಕಡೆದದ್ದು. ನನಗೆ ಅದಕ್ಕಿಂತ ನಂಬಿಕೆ ಹುಟ್ಟಿಸುವುದು ಅಬೈಡಾಸ್ ಎಂಬಲ್ಲಿ ಆ ಅರಸರ ಗೋರಿಗಳಲ್ಲಿ ಸಿಕ್ಕ ಪುಟ್ಟ ವಸ್ತುಗಳು. ಎಣ್ಣೆಯ ಗಡಿಗೆಗಳಿಗೆ ಕಟ್ಟುತ್ತಿದ್ದ ದಂತದ, ಮರದ ಚೀಟಿಗಳು ಅಲ್ಲಿವೆ. ಅವುಗಳ ಮೇಲೆ ಅರಸನ ಹೆಸರು, ಆ ವರ್ಷ ಏನು ನಡೆಯಿತೆಂಬ ಗುರುತು. ದೆನ್ ಎಂಬ ಅರಸನ ಗೋರಿಯಲ್ಲಿ ಜೇಡಿಮಣ್ಣಿನ ಮೇಲೆ ಒತ್ತಿದ ಮುದ್ರೆಯ ಅಚ್ಚುಗಳು ಸಿಕ್ಕವು. ಅವುಗಳಲ್ಲಿ ನಾರ್ಮರನಿಂದ ದೆನ್‌ವರೆಗೆ ಅರಸರ ಹೆಸರು ಸಾಲಾಗಿವೆ, ಕೊನೆಗೆ ‘ಅರಸನ ತಾಯಿ’ ಮೆರ್‌ನೀತ್. ಮಗ ದೆನ್ ಚಿಕ್ಕವನಿದ್ದಾಗ ಅವಳೇ ರಾಜ್ಯ ನಡೆಸಿರಬೇಕೆಂದು ವಿದ್ವಾಂಸರು ಎಣಿಸುತ್ತಾರೆ. ಹೊಗಳಲು ಬರೆದದ್ದಕ್ಕಿಂತ ಲೆಕ್ಕ ಇಡಲು ಬರೆದದ್ದರಲ್ಲಿ ಸುಳ್ಳು ಕಡಿಮೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಹೊಳೆಯ ದಡಕ್ಕೆ ಬನ್ನಿ.

ಗಂಗರ ಮೂಲಪುರುಷ ಕೊಂಗಣಿವರ್ಮ ಮಾಧವ, ಕಾಲ ಸುಮಾರು ಕ್ರಿ.ಶ. 350, ಮೊದಲ ರಾಜಧಾನಿ ಕೋಲಾರ. ಜೈನ ಮುನಿ ಸಿಂಹನಂದಿಯ ಆಶೀರ್ವಾದದಿಂದ ರಾಜ್ಯ ಹುಟ್ಟಿತೆಂಬ ವಿಸ್ತಾರವಾದ ಕಥೆ ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ ಶಾಸನದಲ್ಲಿದೆ. ಆ ಶಾಸನ 1121ರದ್ದು. ಕೊಂಗಣಿವರ್ಮನಿಗೂ ಅದಕ್ಕೂ ಏಳೂವರೆ ಶತಮಾನದ ಅಂತರ; ಗಂಗರ ತಲಕಾಡು 1004ರಲ್ಲಿ ಚೋಳರ ಪಾಲಾಗಿಯೇ ನೂರು ವರ್ಷ ಕಳೆದಿತ್ತು. ನಮ್ಮ ಮನೆಥೊ ಈ ಶಾಸನವೇ. ಕಥೆಯನ್ನು ಪ್ರೀತಿಯಿಂದ ಓದಿ, ಆದರೆ ಅದು ಹನ್ನೆರಡನೇ ಶತಮಾನದವರ ನೆನಪು ಎಂಬುದನ್ನು ಮರೆಯಬೇಡಿ.

ಗಂಗರ ಕಾಲದವೇ ಆದ ಸಾಕ್ಷಿಗಳು ಭೂದಾನ ಬರೆದಿಟ್ಟ ತಾಮ್ರಪಟಗಳು. ಒಂದನ್ನು ಹತ್ತಿರದಿಂದ ನೋಡೋಣ. ಉದ್ದನೆಯ ಕೆಲವು ತಗಡುಗಳು, ಎಡಬದಿಯಲ್ಲಿ ತೂತು, ತೂತಿನಲ್ಲಿ ಬಳೆ. ಬಳೆಯ ಎರಡು ತುದಿಯನ್ನು ಬೆಸೆದ ಕಡೆ ಮುದ್ರೆ, ಮುದ್ರೆಯಲ್ಲಿ ನಿಂತ ಆನೆ. ಅಕ್ಷರ ಸವೆಯಬಾರದೆಂದು ಮೊದಲ ಮತ್ತು ಕೊನೆಯ ತಗಡುಗಳ ಹೊರಮೈಯನ್ನು ಸಾಮಾನ್ಯವಾಗಿ ಖಾಲಿ ಬಿಡುತ್ತಿದ್ದರು. ಒಳಗೆ ಪದ್ಮನಾಭನ ಸ್ತುತಿ, ಆಮೇಲೆ ವಂಶಾವಳಿ. ಕೊಂಗಣಿವರ್ಮ ಕತ್ತಿಯ ಒಂದೇ ಹೊಡೆತಕ್ಕೆ ಕಲ್ಲುಕಂಬ ಕಡಿದವನು. ಅವನ ಮಗ ಮಾಧವ ‘ದತ್ತಕಸೂತ್ರ’ ಎಂಬ ಗ್ರಂಥಕ್ಕೆ ವ್ಯಾಖ್ಯಾನ ಬರೆದವನು. ಮುಂದೆ ಹರಿವರ್ಮ, ಸುಮಾರು 390ರ ನಂತರ ರಾಜಧಾನಿ ತಲಕಾಡಿಗೆ ಬಂದದ್ದು ಇವನ ಕಾಲದಲ್ಲಿ. ಆಮೇಲೆ ವಿಷ್ಣುಗೋಪ, ಮೂರನೇ ಮಾಧವ, ಅವಿನೀತ, ದುರ್ವಿನೀತ. ಅವಿನೀತ ತಾಯಿಯ ಮಡಿಲಲ್ಲಿದ್ದಾಗಲೇ ಅರಸನಾದನೆಂದು ಪಟಗಳು ಹೇಳುತ್ತವೆ. ತಾಯಿ ಕದಂಬರ ಮನೆಯ ಮಗಳು. ಅಬೈಡಾಸಿನ ಮುದ್ರೆಯಲ್ಲಿ ಮೆರ್‌ನೀತಳ ಹೆಸರು ಉಳಿಯಿತು. ಈ ತಾಯಿಯ ಗುರುತು ‘ಕದಂಬ ಕೃಷ್ಣವರ್ಮನ ತಂಗಿ’ ಎಂಬಷ್ಟಕ್ಕೇ ನಿಂತಿದೆ. ನನಗೆ ಅದು ಬೇಸರದ ಸಂಗತಿ.

ಎಲ್ಲ ಪಟಗಳನ್ನೂ ನಂಬುವ ಹಾಗಿಲ್ಲ. ಶಾಸನತಜ್ಞ ಜೆ.ಎಫ್. ಫ್ಲೀಟ್ ಗಂಗರ ಪಟಗಳಲ್ಲಿ ಅನೇಕವು ಖೋಟಾ ಎಂದರು, ಇನ್ನೊಬ್ಬ ಶಾಸನತಜ್ಞ ಬಿ.ಎಲ್. ರೈಸ್ ಅವುಗಳ ಪರವಾಗಿ ವಾದಿಸಿದರು. ಅಕ್ಷರದ ರೂಪ, ಶಕವರ್ಷ, ವಂಶದ ಕ್ರಮ ಹಿಡಿದು ದಶಕಗಟ್ಟಲೆ ಚರ್ಚೆ ನಡೆಯಿತು. ಖೋಟಾ ಎಂದ ಕೂಡಲೇ ಬಿಸಾಡಬೇಡಿ. ಮುಂದಿನ ಕಾಲದವರು ಜಮೀನಿನ ಹಕ್ಕಿಗಾಗಿ ಹಳೆಯ ಅರಸನ ಹೆಸರಿನಲ್ಲಿ ಪಟ ಬರೆಸಿಕೊಂಡರೆಂದರೆ ಆ ಹೆಸರಿಗೆ ಇನ್ನೂ ಬೆಲೆ ಇತ್ತೆಂದೇ ಅರ್ಥ. ಫ್ಲೀಟರೂ ಒಪ್ಪಿದ ಪೆನುಕೊಂಡದ ಪಟದಲ್ಲಿ ಒಂದು ಮುಖ್ಯ ವಿಷಯವಿದೆ: ಇಬ್ಬರು ಗಂಗ ಅರಸರಿಗೆ ಪಟ್ಟ ಕಟ್ಟಿದವರು ಪಲ್ಲವರು. ಎಂದರೆ ಮೊದಮೊದಲ ಗಂಗರು ದೊಡ್ಡವರ ನೆರಳಿನಲ್ಲಿ ಬೆಳೆದವರು. ಕಂಬ ಕಡಿದ ವಂಶದವರೆಂಬ ಹೊಗಳಿಕೆಯನ್ನೂ ಇದನ್ನೂ ಒಟ್ಟಿಗೆ ಓದಬೇಕು.

ಈಗ ನನಗೆ ಅತ್ಯಂತ ಇಷ್ಟವಾದ ಭಾಗ. ಈ ಪಟಗಳಲ್ಲಿ ಹೊಗಳಿಕೆಯೆಲ್ಲ ಸಂಸ್ಕೃತ. ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವ ಕಡೆ ಬಂದಾಗ ಎಷ್ಟೋ ಪಟಗಳಲ್ಲಿ ಕನ್ನಡ ಕಾಣಿಸಿಕೊಳ್ಳುತ್ತದೆ. ಮೂಡಣಕ್ಕೆ ಈ ಮರ, ತೆಂಕಣಕ್ಕೆ ಆ ಹುತ್ತ, ಅಲ್ಲಿಂದ ಹಳ್ಳ, ಕೆರೆಯ ಕೋಡಿ, ಗುಂಡು. ಅರಸನ ಆಸ್ಥಾನದವನಿಗೆ ಈ ವಿವರ ಗೊತ್ತಿರಲು ಸಾಧ್ಯವಿಲ್ಲ. ಊರಿನವರನ್ನು ಜೊತೆಗೆ ಕರೆದುಕೊಂಡು ಎಲ್ಲೆ ನಡೆದು ಬರೆದಿರಬೇಕು. ಒಂದು ರಾಜ್ಯ ನಿಜವಾಗಿ ಹಳ್ಳಿಯ ನೆಲ ಮುಟ್ಟುವುದು ಇಲ್ಲಿ. ಗಡಿಗೆಗೆ ಕಟ್ಟಿದ ದಂತದ ಚೀಟಿ ಹೇಗೋ ಈ ಎಲ್ಲೆಯ ಸಾಲುಗಳೂ ಹಾಗೆಯೇ, ಲೆಕ್ಕಕ್ಕಾಗಿ ಬರೆದವು.

ದುರ್ವಿನೀತನ ಕಾಲಕ್ಕೆ, ಆರನೇ ಶತಮಾನದಲ್ಲಿ, ಗಂಗರು ಯಾರ ನೆರಳಿನಲ್ಲೂ ಇರಲಿಲ್ಲ. ಅವನ ತಾಯಿ ಪುನ್ನಾಟದ ಅರಸು ಮಗಳು. ಕಪಿಲೆಯ ದಡದ ಕೀರ್ತಿಪುರ, ಎಂದರೆ ಹೆಗ್ಗಡದೇವನಕೋಟೆ ಸೀಮೆಯ ಕಿತ್ತೂರು, ಪುನ್ನಾಟದ ರಾಜಧಾನಿ. ಗಂಗರ ಹೆಸರು ಕೇಳಿಬರುವುದಕ್ಕೆ ಇನ್ನೂರು ವರ್ಷ ಮೊದಲೇ, ಬೆರಿಲ್ ಹರಳು ಸಿಗುವ ಊರೆಂದು ಪುನ್ನಾಟವನ್ನು ಭೂಗೋಳಕಾರ ಟಾಲೆಮಿ ದಾಖಲಿಸಿದ್ದಾನೆ. ಅವನು ಕೂತು ಬರೆದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ! ಪುನ್ನಾಟ ಕೊನೆಗೆ ದುರ್ವಿನೀತನ ಕೈಗೆ ಬಂತು. ‘ಕವಿರಾಜಮಾರ್ಗ’ ಕನ್ನಡದ ಗದ್ಯ ಬರೆದವರಲ್ಲಿ ದುರ್ವಿನೀತನ ಹೆಸರನ್ನೂ ಹೇಳುತ್ತದೆ. ಅವನು ಈ ಅರಸನೇ ಎಂದು ಬಹುತೇಕ ವಿದ್ವಾಂಸರ ಮತ. ಬರೆದದ್ದು ಒಂದು ಸಾಲೂ ನಮಗೆ ಉಳಿದಿಲ್ಲ.

ಮುಂದೆ ಓದುವವರಿಗೆ ಒಂದು ಮಾತು. ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿವೆ. ರೈಸರ 1898ರ ನಾಲ್ಕನೇ ಸಂಪುಟದಲ್ಲಿ ಎಳಂದೂರು ಇದೆ, ಕೊಳ್ಳೇಗಾಲ ಇಲ್ಲ. ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿಗೆ ಸೇರಿದ್ದು 1956ರಲ್ಲಿ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಸಂಪುಟದಲ್ಲಿ ನಮ್ಮ ಕೊಳ್ಳೇಗಾಲ ತಾಲ್ಲೂಕೂ ಸೇರಿದೆ. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ. ತೆರೆದಾಗ ಅರಸರ ಬಿರುದುಗಳಿಂದ ಶುರು ಮಾಡಬೇಡಿ. ನಿಮ್ಮ ಊರಿನ ಹತ್ತಿರದ ಒಂದು ದಾನಶಾಸನ ಹುಡುಕಿ, ಎಲ್ಲೆ ಹೇಳುವ ಸಾಲುಗಳನ್ನು ಮೊದಲು ಓದಿ, ಆ ಕೆರೆ, ಹಳ್ಳ ಇಂದು ಎಲ್ಲಿವೆ ಎಂದು ಊರಿನ ಹಿರಿಯರನ್ನು ಕೇಳಿ.