ಪೆಟ್ಟಿಗೆ ಆಮೇಲೆ, ಮೊದಲು ಅರ್ತ್ ನೋಡು

ಮಗಾ, ಆವನಿಯ ತೋಟದ ಮನೆಯ ಮಹಡಿ ಮೇಲೆ ಹಾಡು ಕೇಳಲೆಂದೇ ಒಂದು ಕೋಣೆ ಮಾಡುತ್ತಿದ್ದೀಯಂತೆ, ಸಂತೋಷ. ಆಂಪ್ಲಿಫೈಯರ್, ಸ್ಪೀಕರ್ ಬಂದವಂತೆ. ಈಗ ಕರೆಂಟನ್ನೇ ಹೊಸದಾಗಿ ಮಾಡಿಕೊಡುವ ಪವರ್ ರೀಜನರೇಟರ್‌ಗೆ ಲಕ್ಷಗಟ್ಟಲೆ ಸುರಿಯಲು ಹೊರಟಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಬೇಡ ಅನ್ನುವುದಿಲ್ಲ. ಕಾಯಿಲೆ ಯಾವುದು ಅಂತ ನೋಡದೆ ಮದ್ದು ತರಬೇಡ ಅನ್ನುತ್ತೇನೆ, ಅಷ್ಟೆ.

ಆ ಪೆಟ್ಟಿಗೆ ಮೋಸದ್ದೇನಲ್ಲ. ಗೋಡೆಯಿಂದ ಬರುವ ಎ.ಸಿ.ಯನ್ನು ಡಿ.ಸಿ. ಮಾಡಿಕೊಂಡು, ಅದರಿಂದ ಮತ್ತೆ 230 ವೋಲ್ಟಿನ, 50 ಹರ್ಟ್ಸ್‌ನ ಚೊಕ್ಕ ಸೈನ್ ಅಲೆ ಕಟ್ಟುತ್ತದೆ. ಒಳಗಿರುವುದೂ ಒಂದು ದೊಡ್ಡ ಆಂಪ್ಲಿಫೈಯರೇ. ಉಪಾಯವೂ ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ನಮ್ಮ ಕೆಜಿಎಫ್ ಗಣಿಗೆ ಕರೆಂಟು ತಂದರಲ್ಲ, ಅದು 25 ಸೈಕಲ್ಲಿನದು, ಈಗಿನ ಮಾತಲ್ಲಿ 25 ಹರ್ಟ್ಸ್. ಗಣಿಯ ಯಂತ್ರಕ್ಕೆ ಅದು ಸಾಕಿತ್ತು. ಬಲ್ಬಿಗೆ ಕೊಟ್ಟರೆ ಮಿಣುಕುವುದು ಕಣ್ಣಿಗೆ ಕಾಣುತ್ತದೆ. ಒಂದು ಸೈಕಲ್ಲಿನ ಕರೆಂಟನ್ನು ಇನ್ನೊಂದಕ್ಕೆ ತರಬೇಕಾದರೆ ಆ ಕಾಲದವರು ಮೋಟಾರಿಗೆ ಜನರೇಟರ್ ಜೋಡಿಸಿ ತಿರುಗಿಸುತ್ತಿದ್ದರು. ನಿನ್ನ ಪೆಟ್ಟಿಗೆಯಲ್ಲಿ ಅದೇ ಕೆಲಸವನ್ನು ಟ್ರಾನ್ಸಿಸ್ಟರ್ ಮಾಡುತ್ತದೆ.

ಅಂಥ ಪೆಟ್ಟಿಗೆ ನಮಗೆ ನಿಜಕ್ಕೂ ಬೇಕಾಗಿದ್ದ ಕಾಲವೊಂದಿತ್ತು. 2003ಕ್ಕೆ ಮುಂಚೆ ದಕ್ಷಿಣದ ಗ್ರಿಡ್‌ನಲ್ಲಿ ಫ್ರೀಕ್ವೆನ್ಸಿ 48.5ಕ್ಕೂ ಕೆಳಗೆ ಇಳಿಯುತ್ತಿತ್ತು. ರೆಕಾರ್ಡ್ ಪ್ಲೇಯರಿನ ಸಿಂಕ್ರೊನಸ್ ಮೋಟಾರ್ ವೋಲ್ಟೇಜಿಗೆ ಜಗ್ಗುವುದಿಲ್ಲ, ಅದರ ವೇಗ ಫ್ರೀಕ್ವೆನ್ಸಿಯ ಕೈಯಲ್ಲಿ. 48.5 ಅಂದರೆ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಬೇಕಾದ ತಟ್ಟೆ ಸರಿಯಾಗಿ ಒಂದು ಸುತ್ತು ಕಡಿಮೆ ಸುತ್ತುತ್ತದೆ. ಇಪ್ಪತ್ತು ನಿಮಿಷದ ಮಗ್ಗುಲು ಅರ್ಧ ನಿಮಿಷಕ್ಕೂ ಹೆಚ್ಚು ಎಳೆಯುತ್ತದೆ, ಶ್ರುತಿ ಅರ್ಧ ಸ್ವರಸ್ಥಾನದಷ್ಟು ಕೆಳಗೆ ಕೂರುತ್ತದೆ. ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಕೇಳುವವರಿಗೆ ಅದು ನರಕ. ಆಮೇಲೆ ಗ್ರಿಡ್‌ನಿಂದ ಲೆಕ್ಕ ತಪ್ಪಿ ಎಳೆದವರಿಗೆ ದಂಡ ಬೀಳುವ ಪದ್ಧತಿ ಬಂತು, 2013ರ ಕೊನೆಯ ದಿನ ನಮ್ಮ ಗ್ರಿಡ್ ದೇಶದ ಗ್ರಿಡ್‌ಗೆ ಸೇರಿತು. ಈಗ ನಿಯಮದ ಪ್ರಕಾರ ಇರಬೇಕಾದ ಪಟ್ಟಿ 49.90ರಿಂದ 50.05. ಅಷ್ಟು ಏರುಪೇರು ಯಾವ ವಿದ್ವಾಂಸರ ಕಿವಿಗೂ ತಿಳಿಯದು. ಫ್ರೀಕ್ವೆನ್ಸಿಗಾಗಿ ದುಡ್ಡು ಹಾಕಬೇಡ.

ನಮ್ಮ ಕಡೆಯ ಕಾಯಿಲೆ ವೋಲ್ಟೇಜು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ಬಿಟ್ಟ ತಕ್ಷಣ ಏನಾಗುತ್ತದೆ ನೋಡಿದ್ದೀಯಲ್ಲ? ಸಾವಿರ ಅಡಿ ಆಳದ ಬೋರುಗಳಿಗೆಲ್ಲ ಆಟೋ ಸ್ಟಾರ್ಟರ್ ಇಟ್ಟಿದ್ದಾರೆ, ಟೊಮೆಟೊ ತೋಟದ ಮೋಟಾರುಗಳು ಒಟ್ಟಿಗೆ ಎದ್ದು ಕೂರುತ್ತವೆ. ಮೋಟಾರು ಏಳುವ ಆ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ತ್ರೀ ಫೇಸ್ ಇಲ್ಲದ ಹೊತ್ತಲ್ಲಿ ಕಂಡೆನ್ಸರ್ ಹಾಕಿ ಮೋಟಾರ್ ಓಡಿಸುವ ಪುಣ್ಯಾತ್ಮರೂ ಇದ್ದಾರೆ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯ ಬೇರೆ ಫೀಡರ್ ಉಂಟು. ತೋಟದ ಮನೆ ಹೆಚ್ಚಾಗಿ ಪಂಪ್‌ಸೆಟ್ಟಿನ ಫೀಡರಿಗೇ ನೇತುಬಿದ್ದಿರುತ್ತದೆ. ನಿನ್ನದು ಯಾವುದರ ಮೇಲಿದೆ ಅಂತ ಮೊದಲು ಕೇಳಿಕೋ.

230 ಇರಬೇಕಾದ ಕಡೆ 180 ಬಂದರೆ, ಟ್ರಾನ್ಸ್‌ಫಾರ್ಮರ್ ಇರುವ ಸಾಮಾನ್ಯ ಆಂಪ್ಲಿಫೈಯರಿನ ಒಳಗಿನ ವೋಲ್ಟೇಜೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಪವರ್ ಅದರ ವರ್ಗದಲ್ಲಿ ಇಳಿಯುವುದರಿಂದ ನೂರು ವಾಟ್ ಅಂದದ್ದು ಅರವತ್ತರ ಆಸುಪಾಸಿಗೆ ಬರುತ್ತದೆ. ತಮಟೆಯ ಪೆಟ್ಟು ಬೀಳುವಾಗ ಸದ್ದು ಒಡೆಯುವುದು ಅದಕ್ಕೇ. ಆಂಪ್ಲಿಫೈಯರ್ ಹಿಂದಿನ ಚೀಟಿ ಓದು: 100ರಿಂದ 240 ವೋಲ್ಟ್ ಅಂತ ಬರೆದಿದ್ದರೆ ಅದರೊಳಗೆ ಎಸ್‌ಎಂಪಿಎಸ್ ಅನ್ನುವ ಸ್ವಿಚಿಂಗ್ ಪವರ್ ಸಪ್ಲೈ ಇದೆ, ಈ ಏರಿಳಿತಕ್ಕೆ ಅದು ಕ್ಯಾರೇ ಅನ್ನುವುದಿಲ್ಲ. ಬರೀ 230 ಇದ್ದರೆ ಒಳ್ಳೆಯ ಸರ್ವೊ ಸ್ಟೆಬಿಲೈಜರ್ ತಾ. ರಿಲೇ ಇರುವ ಅಗ್ಗದ್ದು ಟಕ್ ಟಕ್ ಅನ್ನುತ್ತ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಎಗರಿಸುತ್ತದೆ, ಹಾಡಿನ ನಡುವೆ ಆ ಸದ್ದೂ ಕೇಳುತ್ತದೆ.

ಇದಕ್ಕಿಂತ ದೊಡ್ಡ ಭಯ ನ್ಯೂಟ್ರಲ್. ಟಿ.ಸಿ., ಅಂದರೆ ಕಂಬದ ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲ್ ತಂತಿ ಕಿತ್ತರೆ ಒಂದು ಮನೆಯಲ್ಲಿ ಬಲ್ಬ್ ಮಂಕಾಗುತ್ತದೆ, ಪಕ್ಕದ ಮನೆಯಲ್ಲಿ ಫ್ಯಾನು ಹುಚ್ಚೆದ್ದು ತಿರುಗುತ್ತದೆ. ಅಲ್ಲಿ ನಾನೂರರ ಹತ್ತಿರ ವೋಲ್ಟ್ ಹೊಕ್ಕಿರಬಹುದು. ಸ್ಪೈಕ್ ಗಾರ್ಡ್ ಇದನ್ನು ತಡೆಯುವುದಿಲ್ಲ, ತಾನೇ ಸುಟ್ಟುಹೋಗುತ್ತದೆ. ಅದಿರುವುದು ಕಣ್ಣುಮುಚ್ಚಿ ತೆರೆಯುವಷ್ಟರ ಹೊಡೆತಕ್ಕೆ. ವೋಲ್ಟೇಜ್ ಮಿತಿ ಮೀರಿದರೆ ಲೈನ್ ಕಡಿಯುವ ಪ್ರೊಟೆಕ್ಟರನ್ನು ಮೀಟರ್ ಬೋರ್ಡಿನ ಪಕ್ಕ ಹಾಕಿಸು. ಭರಣಿ ಮಳೆಯ ಗುಡುಗು ಶುರುವಾದರೆ ಪ್ಲಗ್ಗೂ ಡಿಶ್‌ನ ಕೇಬಲ್ಲೂ ಕಿತ್ತಿಡು. ಸಿಡಿಲಿಗೆ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದಿಗೆ ಹೆಚ್ಚು ಸಲ ಕರೆಂಟು ಕಾರಣವೇ ಅಲ್ಲ. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಬಿಚ್ಚಿ ನೋಡು. ಸದ್ದು ನಿಂತರೆ ಅದು ಅರ್ತ್ ಎರಡು ದಾರಿಯಲ್ಲಿ ಸುತ್ತಿಕೊಂಡ ತಕರಾರು, ಯಾವ ರೀಜನರೇಟರೂ ಅದನ್ನು ಬಿಡಿಸದು. ಪ್ಲಗ್ಗಿನ ಮೂರನೇ ಪಿನ್ ಮುರಿದರೆ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅಂಥವನನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡ. ಆ ಪಿನ್ ನಿನ್ನ ಜೀವ ಕಾಯುವುದಕ್ಕೆ ಇರುವುದು.

ಆವನಿಯ ನೆಲ ಬೇರೆ ಬಂಡೆ. ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಇದ್ದೂ ಇಲ್ಲದಂತೆ. ಎರಡೂವರೆ ಮೀಟರ್ ಜಿ.ಐ. ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿ, ಬಾಯಿಗೆ ನೀರು ಹಾಕಲು ಜಾಗ ಬಿಡು. ಜೊತೆಗೆ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಆಡಿಯೊಗೆ ಮೀಟರ್ ಬೋರ್ಡಿನಿಂದಲೇ ಬೇರೆ ವೈರು ಎಳೆಸು, ಫ್ರಿಜ್ಜು, ಮೋಟಾರಿನ ಲೈನಿಗೆ ಸೇರಿಸಬೇಡ.

ಇಷ್ಟಾದ ಮೇಲೂ ಚೊಕ್ಕ ಅಲೆ ಬೇಕೆನಿಸಿದರೆ ಡಬಲ್ ಕನ್ವರ್ಷನ್ ಆನ್‌ಲೈನ್ ಯುಪಿಎಸ್ ನೋಡು. ಎ.ಸಿ.ಯನ್ನು ಡಿ.ಸಿ. ಮಾಡಿ ಮತ್ತೆ ಎ.ಸಿ. ಮಾಡುವ ಅದೇ ಕೆಲಸ ಮಾಡುತ್ತದೆ, ಬೆಲೆ ಎಷ್ಟೋ ಕಮ್ಮಿ, ಕರೆಂಟು ಹೋದರೂ ಹಾಡು ನಿಲ್ಲದು. ಫ್ಯಾನ್ ಸದ್ದು ಮಾಡುತ್ತದೆ, ಪಕ್ಕದ ಕೋಣೆಯಲ್ಲಿಡು. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಮಾತ್ರ ಆಂಪ್ಲಿಫೈಯರ್ ಸಿಕ್ಕಿಸಬೇಡ, ಟ್ರಾನ್ಸ್‌ಫಾರ್ಮರ್ ಗೊಣಗುತ್ತದೆ.

ಈ ಭಾನುವಾರ ಬಂದಾಗ ಮಲ್ಟಿಮೀಟರ್ ತಾ. ಬೆಳಿಗ್ಗೆ, ತ್ರೀ ಫೇಸ್ ಬಿಟ್ಟ ಹೊತ್ತಲ್ಲಿ, ರಾತ್ರಿ ಊಟದ ಸಮಯಕ್ಕೆ ಫೇಸ್–ನ್ಯೂಟ್ರಲ್, ನ್ಯೂಟ್ರಲ್–ಅರ್ತ್ ಎರಡನ್ನೂ ಅಳೆದು ಬರೆದಿಡು. ನ್ಯೂಟ್ರಲ್–ಅರ್ತ್ ನಡುವೆ ಹತ್ತಿಪ್ಪತ್ತು ವೋಲ್ಟ್ ತೋರಿಸಿದರೆ ಕಂಬ ನೀನು ಹತ್ತಬೇಡ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೋ, ಲೈನ್‌ಮ್ಯಾನ್ ಬಂದು ಜಾಯಿಂಟ್ ಬಿಗಿ ಮಾಡುವವರೆಗೆ ಆಂಪ್ಲಿಫೈಯರ್ ಅದರ ಡಬ್ಬದಲ್ಲೇ ಇರಲಿ.