ಜಾವಾ ಕಾರ್ಯಕ್ರಮದಲ್ಲಿ ಕಿಟಕಿಗಳ ಸ್ಥಾನನಿರ್ಣಯ

ಗಣಕಯಂತ್ರದ ಪರದೆಯ ಮೇಲೆ ತೆರೆದುಕೊಳ್ಳುವ ಚೌಕಕ್ಕೆ ‘ಕಿಟಕಿ’ಯೆಂಬ ಹೆಸರು ರೂಢಿಯಲ್ಲಿರುವುದನ್ನು ವಾಚಕರು ಬಲ್ಲರು. ಒಂದೇ ಕಿಟಕಿಯಿದ್ದಲ್ಲಿ ಅದು ಎಲ್ಲಿ ನಿಂತರೂ ಹೆಚ್ಚಿನ ಬಾಧಕವಿಲ್ಲ. ಒಂದರಲ್ಲಿ ವಿದ್ಯಾರ್ಥಿನಿಯರ ಹೆಸರುಗಳೂ ಮತ್ತೊಂದರಲ್ಲಿ ಅವರ ಅಂಕಗಳೂ ಇರುವಾಗಲಾದರೋ, ಒಂದು ಇನ್ನೊಂದನ್ನು ಮರೆಮಾಡಿದರೆ ಒಬ್ಬಳ ಅಂಕವು ಮತ್ತೊಬ್ಬಳ ಹೆಸರಿಗೆ ಸೇರುವ ಅಪಾಯವುಂಟು. ಆದುದರಿಂದ ಕಿಟಕಿಗಳನ್ನು ಕ್ರಮವಾಗಿ ನಿಲ್ಲಿಸುವ ವಿಧಾನವನ್ನು ಸಂಕ್ಷೇಪವಾಗಿ ವಿವರಿಸುವೆವು.

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಜಾವಾ ಭಾಷೆಯನ್ನು ೧೯೯೫ರಲ್ಲಿ ಪ್ರಕಟಿಸಿತು. ಕಿಟಕಿಗಳನ್ನು ರಚಿಸುವ ‘ಸ್ವಿಂಗ್’ ಎಂಬ ಸಾಧನಸಂಗ್ರಹವು ೧೯೯೮ರಲ್ಲಿ ಅದರ ೧.೨ನೆಯ ಆವೃತ್ತಿಯೊಡನೆ ಸೇರಿತು. ಇದರಲ್ಲಿ ಪರದೆಯ ಎಡಮೇಲ್ತುದಿಯೇ ಸೊನ್ನೆಯ ಸ್ಥಾನ. ಅಲ್ಲಿಂದ ಬಲಕ್ಕೆ ಹೋದಷ್ಟೂ ಮೊದಲನೆಯ ಅಂಕಿಯೂ, ಕೆಳಕ್ಕೆ ಇಳಿದಷ್ಟೂ ಎರಡನೆಯ ಅಂಕಿಯೂ ಹೆಚ್ಚುವುವು. ತರಗತಿಯ ಗ್ರಾಫ್ ಕಾಗದದಲ್ಲಿ ಮೇಲಕ್ಕೆ ಏರಿದಷ್ಟೂ ಅಂಕಿಯು ಹೆಚ್ಚುವುದಷ್ಟೆ. ಇಲ್ಲಿ ಅದು ತಲೆಕೆಳಗೆಂದು ತಿಳಿಯತಕ್ಕದ್ದು. ಅಳತೆಯ ಏಕಕಕ್ಕೆ ಪಿಕ್ಸೆಲ್ ಎಂದು ಹೆಸರು.

ಸ್ಥಾನವನ್ನು ಗೊತ್ತುಮಾಡದಿದ್ದರೆ ‘ಜೆಫ್ರೇಮ್’ ಎಂಬ ಕಿಟಕಿಗಳೆಲ್ಲವೂ ಸಾಮಾನ್ಯವಾಗಿ ಆ ಸೊನ್ನೆಯ ಮೂಲೆಯಲ್ಲೇ ಒಂದರ ಮೇಲೊಂದು ಬೀಳುವುವು. ಇದನ್ನು ತಪ್ಪಿಸಲು ‘ಸೆಟ್‌ಲೊಕೇಶನ್’ ಎಂಬ ಆಜ್ಞೆಯುಂಟು. ಪರದೆಯ ಅಗಲ ೧೩೬೬, ಎತ್ತರ ೭೬೮ ಆಗಿರಲಿ. ತಲಾ ೬೦೦ ಅಗಲ, ೪೦೦ ಎತ್ತರದ ಎರಡು ಕಿಟಕಿಗಳನ್ನು ನಡುವೆ ೨೦ರ ಅಂತರವಿಟ್ಟು ನಿಲ್ಲಿಸಬೇಕಾಗಿದೆ. ಒಟ್ಟು ಅಗಲವು ೧೨೨೦; ಉಳಿದ ೧೪೬ರಲ್ಲಿ ಅರ್ಧ ೭೩. ಎತ್ತರದಲ್ಲಿ ಉಳಿದ ೩೬೮ರ ಅರ್ಧ ೧೮೪. ಆದಕಾರಣ ಮೊದಲನೆಯದರ ಸ್ಥಾನ ೭೩, ೧೮೪. ಎರಡನೆಯದರ ಸ್ಥಾನ ೬೯೩, ೧೮೪.

ಇಲ್ಲಿ ಕ್ರಮವು ಮುಖ್ಯವಾದುದು. ಮೊದಲು ‘ಪ್ಯಾಕ್’ ಆಜ್ಞೆಯಿಂದ ಕಿಟಕಿಯ ಅಳತೆಯು ನಿಶ್ಚಯವಾಗಬೇಕು, ಬಳಿಕ ಸ್ಥಾನ, ಕಡೆಗೆ ‘ಸೆಟ್‌ವಿಸಿಬಲ್’ನಿಂದ ಪ್ರದರ್ಶನ. ಅಳತೆಗೆ ಮುಂಚೆಯೇ ‘ಸೆಟ್‌ಲೊಕೇಶನ್‌ರಿಲೇಟಿವ್‌ಟು’ ಎಂಬ ಆಜ್ಞೆಯಿಂದ ಕಿಟಕಿಯನ್ನು ಪರದೆಯ ಮಧ್ಯಕ್ಕೆ ಕರೆದರೆ, ಅದರ ಅಗಲವೂ ಎತ್ತರವೂ ಆಗ ಸೊನ್ನೆಯಾಗಿರುವುದರಿಂದ ಎಡಮೇಲ್ತುದಿ ಮಾತ್ರ ಮಧ್ಯದಲ್ಲಿ ನಿಂತು, ಉಳಿದ ಭಾಗವು ಬಲಕ್ಕೂ ಕೆಳಕ್ಕೂ ಚಾಚುವುದು.

ಇನ್ನೊಂದು ಎಚ್ಚರಿಕೆಯುಂಟು. ಮುಚ್ಚುವಾಗಿನ ಸ್ಥಾನವನ್ನು ಬರೆದಿಟ್ಟುಕೊಂಡು ಮರುದಿನ ಅಲ್ಲಿಯೇ ತೆರೆಯುವ ಕಾರ್ಯಕ್ರಮಗಳಿವೆ. ಎರಡು ಪರದೆಗಳಿದ್ದ ಮೇಜಿನಿಂದ ಒಂದನ್ನು ತೆಗೆದೊಯ್ದರೆ, ಕಿಟಕಿಯು ಯಾರ ಕಣ್ಣಿಗೂ ಬೀಳದ ಎಡೆಯಲ್ಲಿ ತೆರೆಯಬಹುದು. ಕೆಲಸಮಾಡುವವಳು ತನ್ನ ಶ್ರಮವೆಲ್ಲ ನಷ್ಟವಾಯಿತೆಂದು ಕಳವಳಗೊಳ್ಳುವಳು. ಆದುದರಿಂದ ಹಳೆಯ ಸ್ಥಾನವು ಈಗಿರುವ ಪರದೆಗಳೊಳಗೆ ಸೇರುವುದೋ ಎಂದು ಕಾರ್ಯಕ್ರಮವೇ ಮೊದಲು ಪರೀಕ್ಷಿಸತಕ್ಕದ್ದು. ಸೇರದಿದ್ದರೆ ಮಧ್ಯಕ್ಕೆ ತರತಕ್ಕದ್ದು. ಮೇಲೆ ಹೇಳಿದ ೧೩೬೬, ೭೬೮ ಎಂಬ ಅಂಕಿಗಳನ್ನೂ ಕಾರ್ಯಕ್ರಮದಲ್ಲಿ ಸ್ಥಿರವಾಗಿ ಬರೆಯದೆ, ಆಯಾ ಯಂತ್ರವನ್ನೇ ಕೇಳಿ ಪಡೆಯುವುದು ಲೇಸು. ಪರದೆಯ ಅಂಚಿನಲ್ಲಿರುವ ಕಾರ್ಯಪಟ್ಟಿಯ ಎಡೆಯನ್ನೂ ಲೆಕ್ಕದಿಂದ ಕಳೆಯಬೇಕು.

ಮನೆಯಲ್ಲಿ ಮಗಳು ಈ ಭಾಷೆಯನ್ನು ಅಭ್ಯಾಸಮಾಡುತ್ತಿದ್ದರೆ, ಅವಳ ಕಾರ್ಯಕ್ರಮವನ್ನು ಬೇರೊಂದು ಯಂತ್ರದಲ್ಲಿಯೂ ನಡೆಸಿ ತೋರಿಸೆಂದು ತಂದೆತಾಯಿಗಳು ಕೇಳಬಹುದು. ತನ್ನ ಪರದೆಯ ಅಳತೆಯನ್ನೇ ಎಲ್ಲರ ಅಳತೆಯೆಂದು ಭಾವಿಸದೆ, ತಾನು ಕಾಣದ ಮತ್ತೊಬ್ಬಳ ಮೇಜನ್ನು ನೆನೆದು ಕೆಲಸಮಾಡುವ ಅಭ್ಯಾಸವು ಈ ಸಣ್ಣ ಲೆಕ್ಕದಿಂದಲೇ ಆರಂಭವಾಗುವುದೆಂದು ನಾವು ನಂಬುತ್ತೇವೆ.